ಒತ್ತು ನೋಡಿ ಫಾಂಟ್ ಆರಿಸಿ

ಅಕ್ಷರಗಳ ಬಗ್ಗೆ ಏನಾದರೂ ಕೇಳಿ ಅಂತ ಕಳೆದ ತಿಂಗಳು ಬರೆದಿದ್ದೆ. ಹತ್ತು ಪತ್ರ ಬಂದರೆ ಹೆಚ್ಚು ಅಂದುಕೊಂಡಿದ್ದೆ. ಸಂಪಾದಕರು ಒಂದು ಕೈಚೀಲದ ತುಂಬ ಕಳಿಸಿದ್ದಾರೆ. ಅದರಲ್ಲಿ ಅರ್ಧದಷ್ಟು ಜನ ಕೇಳಿರುವುದು ಒಂದೇ: "ಒಳ್ಳೆಯ ಕನ್ನಡ ಫಾಂಟ್ ಯಾವುದು?" ಇದು ಒಳ್ಳೆಯ ಚಪ್ಪಲಿ ಯಾವುದು ಅಂತ ಕೇಳಿದ ಹಾಗಾಯಿತು. ಯಾರ ಕಾಲಿಗೆ, ಯಾವ ದಾರಿಗೆ ಅಂತ ಗೊತ್ತಾಗಬೇಡವೇ? ಹಾಗಾಗಿ ಏನು ಕೆಲಸಕ್ಕೆ ಬೇಕು ಅಂತ ಬರೆದವರ ಪತ್ರಗಳನ್ನಷ್ಟೇ ಮುಂದಿಟ್ಟುಕೊಂಡಿದ್ದೇನೆ. ಒಂದೆರಡು ಜಗಳದ ಪತ್ರಗಳೂ ಇವೆ. ಅವನ್ನು ಬಿಡಲು ಮನಸ್ಸಾಗಲಿಲ್ಲ.

ಪ್ರಶ್ನೆ: ನಮ್ಮದು ಸಾಫ್ಟ್‌ವೇರ್ ಕಂಪನಿ. ಬೋರ್ಡಿನಿಂದ ಹಿಡಿದು ವಿಸಿಟಿಂಗ್ ಕಾರ್ಡಿನವರೆಗೆ ಎಲ್ಲಕ್ಕೂ ಹೆಲ್ವೆಟಿಕಾ ಬಳಸಬೇಕು ಅಂತ ನಮ್ಮ ಬ್ರ್ಯಾಂಡ್ ಗೈಡ್ ಹೇಳುತ್ತದೆ. ಈಗ ಬೋರ್ಡನ್ನು ಕನ್ನಡದಲ್ಲಿ ಮಾಡಿಸಬೇಕಾಗಿದೆ. ಹೆಲ್ವೆಟಿಕಾದಲ್ಲೇ ಕನ್ನಡ ಟೈಪ್ ಮಾಡಿ ನೋಡಿದೆವು, ಬರುತ್ತಿದೆ. ಹಾಗೇ ಕೊಟ್ಟುಬಿಡಬಹುದಾ? — ಆಡಳಿತ ವಿಭಾಗದಲ್ಲಿರುವವರು, ವೈಟ್‌ಫೀಲ್ಡ್

ಉತ್ತರ: ಬರುತ್ತಿರುವುದು ಹೆಲ್ವೆಟಿಕಾ ಅಲ್ಲ ಸ್ವಾಮಿ. ನಿಮ್ಮ ಹೆಲ್ವೆಟಿಕಾ ಫೈಲಿನಲ್ಲಿ ಕನ್ನಡದ ಒಂದಕ್ಷರವೂ ಇಲ್ಲ. ಇಲ್ಲದ್ದನ್ನು ಕೇಳಿದಾಗ ಕಂಪ್ಯೂಟರ್ ಸುಮ್ನೆ ತನ್ನ ಹತ್ತಿರ ಇರುವ ಇನ್ನೊಂದು ಫಾಂಟಿನಿಂದ ತಂದು ಬಡಿಸುತ್ತದೆ. ಹಳೆಯ ವಿಂಡೋಸ್ ಆದರೆ ತುಂಗಾ, ವಿಂಡೋಸ್ 8ರಿಂದ ಈಚಿನದಾದರೆ ನಿರ್ಮಲಾ, ಮ್ಯಾಕ್ ಆದರೆ ಮತ್ತೊಂದು. ನಿಮ್ಮ ಮೇಜಿನ ಮೇಲೆ ಒಂದು ರೂಪ, ಬೋರ್ಡ್ ಮಾಡುವವರ ಅಂಗಡಿಯಲ್ಲಿ ಇನ್ನೊಂದು ರೂಪ. ನಿಮ್ಮ ಕನ್ನಡ ಹೆಸರು ಹೇಗೆ ಕಾಣಬೇಕು ಅಂತ ಯಾರೂ ಯೋಚಿಸಿಲ್ಲ ಅಂತಾಯಿತು.

ಹೆಲ್ವೆಟಿಕಾದ ಗುಣ ಏನು ಅಂತ ಮೊದಲು ನೋಡೋಣ. ಅದು ಹುಟ್ಟಿದ್ದು 1957ರಲ್ಲಿ, ಸ್ವಿಟ್ಜರ್ಲೆಂಡಿನ ಹಾಸ್ ಎಂಬ ಅಚ್ಚುಮೊಳೆ ಕಾರ್ಖಾನೆಯಲ್ಲಿ. ಎಡ್ವರ್ಡ್ ಹಾಫ್‌ಮನ್ ಹೀಗೆ ಬೇಕು ಅಂದರು, ಮ್ಯಾಕ್ಸ್ ಮೀಡಿಂಗರ್ ಬರೆದುಕೊಟ್ಟರು. ಆಗ ಅದರ ಹೆಸರು ನೊಯೆ ಹಾಸ್ ಗ್ರೋಟೆಸ್ಕ್. ಆ ಹೆಸರು ಹಿಡಿದು ಜಗತ್ತಿಗೆಲ್ಲ ಮಾರುವುದು ಕಷ್ಟ, ಅಲ್ವಾ? 1960ರಲ್ಲಿ ಹೆಲ್ವೆಟಿಕಾ ಅಂತ ಬದಲಾಯಿಸಿದರು. ಸ್ವಿಟ್ಜರ್ಲೆಂಡಿಗೆ ಲ್ಯಾಟಿನ್ ಭಾಷೆಯಲ್ಲಿ ಹೆಲ್ವೆಟಿಯಾ ಅನ್ನುತ್ತಾರೆ. ಅದರ ಗೆರೆ ಎಲ್ಲೆಡೆ ಹೆಚ್ಚು ಕಡಿಮೆ ಒಂದೇ ದಪ್ಪ. ತುದಿಗಳನ್ನು ಚಾಕುವಿನಲ್ಲಿ ಕತ್ತರಿಸಿದ ಹಾಗೆ ಮಟ್ಟಸ. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಕಂಪನಿಗಳಿಗೆ ಅದು ಹಿಡಿಸಿದ್ದು ಅದಕ್ಕೇ. ಲುಫ್ತಾನ್ಸಾ ವಿಮಾನದ ಮೇಲೂ ಕೂತಿತು, ನ್ಯೂಯಾರ್ಕಿನ ಸಬ್‌ವೇ ಫಲಕದ ಮೇಲೂ ಕೂತಿತು.

ಕನ್ನಡದಲ್ಲಿ ನೀವು ಹುಡುಕಬೇಕಾದದ್ದು ಆ ಹೆಸರನ್ನಲ್ಲ, ಆ ಗೆರೆಯನ್ನು. ದಪ್ಪ ಸಣ್ಣ ಆಗದೆ ಒಂದೇ ಸಮ ಓಡುವ ಗೆರೆ ಬೇಕು. ನೋಟೊ ಸಾನ್ಸ್ ಕನ್ನಡ ಹಾಗಿದೆ. ಗೂಗಲ್ ಮಾಡಿಸಿದ್ದು, ಸಪೂರದಿಂದ ಕಡುಗಪ್ಪಿನವರೆಗೆ ಒಂಬತ್ತು ತೂಕಗಳಲ್ಲಿ ಸಿಗುತ್ತದೆ. (ಫಾಂಟ್ ಇಲ್ಲದಾಗ ಪರದೆಯ ಮೇಲೆ ಬರುವ ಖಾಲಿ ಚೌಕಕ್ಕೆ ಕಂಪ್ಯೂಟರಿನವರು ಟೋಫು ಅನ್ನುತ್ತಾರೆ. ನೋ ಟೋಫು, ಅದೇ ನೋಟೊ.) ಇನ್ನೊಂದು ಅನೇಕ್ ಕನ್ನಡ, ಮುಂಬೈನ ಏಕ್ ಟೈಪ್‌ನವರದು. ಒಂಬತ್ತು ಭಾರತೀಯ ಲಿಪಿಗಳನ್ನೂ ಇಂಗ್ಲಿಷ್ ಅಕ್ಷರಗಳನ್ನೂ ಒಟ್ಟಿಗೆ ಕೂರಿಸಿ ಬರೆದ ಫ್ಯಾಮಿಲಿ ಅದು, ಅಂದರೆ ಒಂದೇ ಮನೆತನದ ಫಾಂಟುಗಳ ಗುಂಪು. ನಿಮ್ಮದು ಚೆನ್ನೈ, ಹೈದರಾಬಾದಿನಲ್ಲೂ ಕಚೇರಿ ಇರುವ ಕಂಪನಿಯಾದರೆ ನಾನು ಅದನ್ನೇ ಹೇಳುತ್ತೇನೆ. ಬಲೂ ತಮ್ಮ ಎಂಬ ಗುಂಡುಗುಂಡಾದ ಫಾಂಟ್ ಕೂಡ ಅವರದೇ. ಐಸ್‌ಕ್ರೀಮ್ ಅಂಗಡಿಗೆ ಚೆಂದ. ನಿಮ್ಮ ಬೋರ್ಡಿಗೆ ಬೇಡ.

ಆರಿಸಿದ ಮೇಲೆ ಕೆಲಸ ಮುಗಿಯಲಿಲ್ಲ. ಕನ್ನಡ, ಇಂಗ್ಲಿಷ್ ಎರಡಕ್ಕೂ ಒಂದೇ ಪಾಯಿಂಟ್ ಸೈಜ್ ಕೊಟ್ಟರೆ ಎರಡೂ ಒಂದೇ ಗಾತ್ರ ಕಾಣುವುದಿಲ್ಲ. ಕಣ್ಣಿಗೆ ಸಮ ಅನ್ನಿಸುವವರೆಗೆ ಕನ್ನಡವನ್ನು ಏರಿಸಿ, ಇಳಿಸಿ. ಪಕ್ಕಪಕ್ಕ ಇಟ್ಟಾಗ ಕನ್ನಡದ ಬೋಲ್ಡ್ ಜಾಸ್ತಿ ಕಪ್ಪಾಗಿ ಕಂಡರೆ ಸೆಮಿಬೋಲ್ಡ್‌ಗೆ ಇಳಿಯಿರಿ. ಒಂದು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ. ಇಪ್ಪತ್ತು ಅಡಿ ದೂರ ನಿಂತು ಕಣ್ಣು ಕಿರಿದು ಮಾಡಿ ನೋಡಿ.

ಮುಖ್ಯವಾದ ಮಾತು ಇನ್ನೂ ಇದೆ. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ ಪ್ರಕಾರ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಆ ವರ್ಷ ಊರಲ್ಲಿ ಎಷ್ಟು ಬೋರ್ಡ್ ಬದಲಾದವು, ನೆನಪಿದೆಯಲ್ಲ? ಸುಮಾರು ಕಡೆ ಮೊದಲಿದ್ದ ಇಂಗ್ಲಿಷ್ ಸಾಲಿನ ಜಾಗವನ್ನೇ ಅಳೆದು, ಅಷ್ಟೇ ಎತ್ತರದಲ್ಲಿ ಕನ್ನಡ ತುರುಕಿದರು. ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರಗಳು ಸಾಮಾನ್ಯವಾಗಿ ಗೆರೆಯಿಂದ ಕೆಳಗೆ ಇಳಿಯುವುದಿಲ್ಲ. ನಮ್ಮದು ಇಳಿಯುತ್ತದೆ. ನಿಮ್ಮ ಹೆಸರಿನಲ್ಲೇ ಟೆಕ್ನಾಲಜೀಸ್, ಸೊಲ್ಯೂಷನ್ಸ್ ಅಂತ ಇದ್ದರೆ ಒಂದು ನ ಒತ್ತು, ಒಂದು ಯ ಒತ್ತು ಬಂತು. ಆ ಒತ್ತು ಕೆಳಗಿನ ಇಂಗ್ಲಿಷ್ ಸಾಲಿನ ತಲೆ ಮೇಲೆ ಕೂತ ಬೋರ್ಡುಗಳು ನಿಮ್ಮ ರಸ್ತೆಯಲ್ಲೇ ಸಿಗುತ್ತವೆ, ಎಣಿಸಿ ನೋಡಿ. ಅದಕ್ಕೇ ನಾನು ಯಾವ ಫಾಂಟ್ ಕೈಗೆ ಬಂದರೂ ಮೊದಲು ಟೈಪ್ ಮಾಡುವುದು ಐದು ಪದ: ರಾಷ್ಟ್ರೀಯ, ಸ್ವಾತಂತ್ರ್ಯ, ಜ್ಯೋತ್ಸ್ನೆ, ಕೃತಜ್ಞತೆ, ಕ್ರೌರ್ಯ. ಈ ಐದರಲ್ಲಿ ಒತ್ತುಗಳು ಒಂದಕ್ಕೊಂದು ತಾಗದೆ, ಕುಗ್ಗದೆ, ಓದಲು ಬಂದರೆ ಆ ಫಾಂಟನ್ನು ಒಳಗೆ ಕರೆಯುತ್ತೇನೆ. ಇಲ್ಲದಿದ್ದರೆ ಹೊಸ್ತಿಲಿನಲ್ಲೇ ನಮಸ್ಕಾರ.

ಪ್ರಶ್ನೆ: ನಮ್ಮ ಸಂಘಕ್ಕೆ ಐವತ್ತು ವರ್ಷ. 120 ಪುಟದ ಸ್ಮರಣ ಸಂಚಿಕೆ ತರುತ್ತಿದ್ದೇವೆ. ಡಿಟಿಪಿ ಮಾಡುವ ಹುಡುಗ ಪ್ರತಿ ಲೇಖನಕ್ಕೂ ಒಂದೊಂದು ಫಾಂಟ್ ಹಾಕಿದ್ದಾನೆ. ವೆರೈಟಿ ಇರಲಿ ಅಂತಾನೆ. ಸೆರಿಫ್ ಹಾಕಬೇಕೋ ಸಾನ್ಸ್ ಹಾಕಬೇಕೋ ಅಂತ ಕೇಳಿದರೆ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. — ಸಂಪಾದಕ ಮಂಡಳಿಯ ಹಿರಿಯರು, ಮಲ್ಲೇಶ್ವರಂ

ಉತ್ತರ: ಪ್ರತಿ ಲೇಖನಕ್ಕೂ ಬೇರೆ ಫಾಂಟ್ ಅಂದರೆ ಮದುವೆಮನೆಯಲ್ಲಿ ಪ್ರತಿ ಪಂಕ್ತಿಗೂ ಬೇರೆ ಅಡುಗೆಯವರನ್ನು ಕರೆಸಿದ ಹಾಗೆ. ಹುಡುಗನಿಗೆ ಬೈಯಬೇಡಿ. ಒಂದು ಫ್ಯಾಮಿಲಿ ಕೊಟ್ಟು, ಅದರೊಳಗೇ ವೆರೈಟಿ ಮಾಡು ಅಂತ ಹೇಳಿ. ಲೇಖನಕ್ಕೆ ರೆಗ್ಯುಲರ್, ಉಪಶೀರ್ಷಿಕೆಗೆ ಮೀಡಿಯಂ, ತಲೆಬರಹಕ್ಕೆ ಬೋಲ್ಡ್, ಫೋಟೋ ಕೆಳಗಿನ ಸಾಲಿಗೆ ಅದೇ ಫ್ಯಾಮಿಲಿಯ ಲೈಟ್. ಪತ್ರಿಕೆಗಳು ಮಾಡುವುದು ಇದನ್ನೇ. ಲಂಡನ್ನಿನ ಗಾರ್ಡಿಯನ್ 2005ರಲ್ಲಿ ತನ್ನ ಆಕಾರ ಬದಲಿಸಿದಾಗ ಕ್ರಿಶ್ಚಿಯನ್ ಶ್ವಾರ್ಟ್ಸ್, ಪಾಲ್ ಬಾರ್ನ್ಸ್ ಅವರಿಂದ ತನಗೇ ಅಂತ ಒಂದು ದೊಡ್ಡ ಫ್ಯಾಮಿಲಿ ಬರೆಸಿಕೊಂಡಿತು. ಸುದ್ದಿ, ಕ್ರೀಡೆ, ಸಂಪಾದಕೀಯ ಎಲ್ಲವೂ ಬೇರೆ ಬೇರೆ ಕಾಣಬೇಕು, ಆದರೆ ಒಂದೇ ಮನೆಯವು ಅಂತಲೂ ಗೊತ್ತಾಗಬೇಕು.

ಇನ್ನು ಸೆರಿಫ್ ವಿಷಯ. ಇಂಗ್ಲಿಷ್ ಅಕ್ಷರದ ಕೈಕಾಲುಗಳ ತುದಿಯಲ್ಲಿ ಇರುವ ಸಣ್ಣ ಪಾದಕ್ಕೆ ಸೆರಿಫ್ ಅನ್ನುತ್ತಾರೆ. ಆ ಪಾದ ಇಲ್ಲದ ಅಕ್ಷರ ಸಾನ್ಸ್. ಟೈಮ್ಸ್ ನ್ಯೂ ರೋಮನ್ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಲಂಡನ್ನಿನ ಟೈಮ್ಸ್ ಪತ್ರಿಕೆಯ ಅಚ್ಚು ಹಳಸಲಾಗಿದೆ ಅಂತ ಸ್ಟ್ಯಾನ್ಲಿ ಮಾರಿಸನ್ ಟೀಕೆ ಮಾಡಿದ್ದರು. ಹಾಗಾದರೆ ನೀವೇ ಮಾಡಿಕೊಡಿ ಅಂತ ಕೆಲಸ ಅವರ ತಲೆಗೇ ಬಂತು. ವಿಕ್ಟರ್ ಲಾರ್ಡೆಂಟ್ ಕೈಯಲ್ಲಿ ಬರೆಸಿದರು. 1932ರ ಅಕ್ಟೋಬರ್ 3ರಂದು ಪತ್ರಿಕೆ ಆ ಅಕ್ಷರದಲ್ಲಿ ಬಂತು. ಅಕ್ಷರ ಕೊಂಚ ಒತ್ತೊತ್ತು, ಆದರೆ ಹೊಟ್ಟೆ ದೊಡ್ಡದು. ಅದರಿಂದ ಕಾಲಂನಲ್ಲಿ ಹೆಚ್ಚು ಪದ ಹಿಡಿಯುತ್ತಿತ್ತು, ಓದಲೂ ಬರುತ್ತಿತ್ತು. ಪತ್ರಿಕೆಯ ಇಕ್ಕಟ್ಟಿಗೆ ಅಂತ ಹುಟ್ಟಿದ ಆ ಅಕ್ಷರ ಆಮೇಲೆ ನಮ್ಮ ರಜೆ ಅರ್ಜಿಗಳಿಗೆಲ್ಲ ಬಂದು ಕೂತಿತು. ತಮಾಷೆ ಅಂದರೆ ಟೈಮ್ಸ್ ಪತ್ರಿಕೆ ಮಾತ್ರ 1972ರಲ್ಲೇ ಅದನ್ನು ಬಿಟ್ಟು ಬೇರೆ ಅಕ್ಷರಕ್ಕೆ ಹೋಯಿತು.

ಕನ್ನಡಕ್ಕೆ ಆ ಪಾದ ಇಲ್ಲ. ನಮ್ಮ ತಲೆಕಟ್ಟು ಸೆರಿಫ್ ಅಲ್ಲ, ಅದು ಅಕ್ಷರದ ಅಂಗ. ಹಾಗಾದರೆ ನೋಟೊ ಸೆರಿಫ್ ಕನ್ನಡ ಅಂತ ಹೆಸರು ಯಾಕೆ? ಗೆರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗಿ ಹರಿದರೆ ಅದನ್ನು ಇಂಗ್ಲಿಷ್ ಸೆರಿಫ್ ಜೊತೆ ಜೋಡಿ ಮಾಡಿ ಆ ಹೆಸರು ಕೊಡುತ್ತಾರೆ. ಹಳೆಯ ಪಠ್ಯಪುಸ್ತಕದ ಅಚ್ಚು ನೆನಪಿಸಿಕೊಳ್ಳಿ, ಅದೇ ಜಾತಿ. ಉದ್ದ ಲೇಖನಕ್ಕೆ ನನಗೆ ಆ ಗೆರೆಯೇ ಇಷ್ಟ. ನೋಟೊ ಸೆರಿಫ್ ಕನ್ನಡ ಅಥವಾ ಟಿರೊ ಕನ್ನಡ ಹಾಕಿ ನೋಡಿ. ತಲೆಬರಹಕ್ಕೆ ಬೇಕಾದರೆ ಒಂದೇ ಒಂದು ಸಾನ್ಸ್ ಸೇರಿಸಿ. ಅಲ್ಲಿಗೆ ಎರಡು ಫ್ಯಾಮಿಲಿ, ಸಾಕು.

ಅಳತೆ ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಓದುಗರಲ್ಲಿ ಕನ್ನಡಕದವರು ಜಾಸ್ತಿ ಇರುತ್ತಾರೆ. ಅಕ್ಷರ 12 ಪಾಯಿಂಟ್, ಸಾಲಿನಿಂದ ಸಾಲಿಗೆ 18 ಪಾಯಿಂಟ್ ಇಡಿ. ಇಂಗ್ಲಿಷಿಗೆ 14, 15 ಸಾಕಾಗುತ್ತದೆ. ಕನ್ನಡಕ್ಕೆ ಅಷ್ಟೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ನಾನು ಕೆಲಸ ಕಲಿತದ್ದು ಚಾಮರಾಜಪೇಟೆಯಲ್ಲಿ, ಸಾಹಿತ್ಯ ಪರಿಷತ್ತಿನಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ನಮ್ಮ ಸೋದರಮಾವನ ಅಚ್ಚುಕೂಟದಲ್ಲಿ. ಆಗ ಸಾಲುಗಳ ನಡುವೆ ನಿಜವಾದ ಸೀಸದ ಪಟ್ಟಿ ಇಡುತ್ತಿದ್ದೆವು. ಇಂಗ್ಲಿಷಿನವರು ಲೆಡ್ಡಿಂಗ್ ಅನ್ನುವುದು ಆ ಸೀಸದಿಂದಲೇ. ಕಾಗದ ಉಳಿಸಲು ನಾನು ಒಂದು ಪಟ್ಟಿ ಕಡಿಮೆ ಮಾಡಿದರೆ ಮಾವ ಬಂದು ಗ್ಯಾಲಿ (ಮೊಳೆ ಜೋಡಿಸಿಡುವ ತಟ್ಟೆ) ಬಿಚ್ಚಿಸುತ್ತಿದ್ದರು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ನಮಗೆ ಕಣೇ. ಒತ್ತಿಗಲ್ಲ. ಅದರ ಕಾಲು ಎಷ್ಟಿದೆಯೋ ಅಷ್ಟು ಹಾಸಿಗೆ ಹಾಸಬೇಕು."

ಪ್ರಶ್ನೆ: ಸುಲ್ತಾನ್‌ಪೇಟೆಯಲ್ಲಿ ಮಗಳ ಮದುವೆ ಕಾರ್ಡ್ ಮಾಡಿಸುತ್ತಿದ್ದೇವೆ. ಹೆಸರುಗಳನ್ನು ಇಂಗ್ಲಿಷಿನಲ್ಲಿ ಇಟಾಲಿಕ್ ಮಾಡಿದ್ದಾರೆ, ಚೆನ್ನಾಗಿದೆ. ಕನ್ನಡದ ಕಡೆ ಅದೇ ಓರೆ ಮಾಡಿದರೆ ಏಕೋ ಬೀಳುತ್ತಿರುವ ಹಾಗೆ ಕಾಣುತ್ತದೆ. — ಗೃಹಿಣಿ, ಹನುಮಂತನಗರ

ಉತ್ತರ: ನಿಮ್ಮ ಕಣ್ಣು ಸರಿಯಾಗಿದೆ. ಇಂಗ್ಲಿಷಿನ ಇಟಾಲಿಕ್ ಬೇರೆ ಕೈಬರಹದಿಂದ ಬಂದ, ಬೇರೆಯಾಗಿಯೇ ಬರೆದ ಅಕ್ಷರ. ಕನ್ನಡದಲ್ಲಿ ಆ ಪದ್ಧತಿ ಇಲ್ಲ. ನಿಮ್ಮವರು ಬಟನ್ ಒತ್ತಿ ನಿಂತ ಅಕ್ಷರವನ್ನು ತಳ್ಳಿದ್ದಾರೆ ಅಷ್ಟೇ. ಗುಂಡಗಿನ ಅಕ್ಷರ ತಳ್ಳಿದರೆ ಮೊಟ್ಟೆ ಆಗುತ್ತದೆ. ಕನ್ನಡದ ಹೆಸರನ್ನು ನೆಟ್ಟಗೇ ಇಟ್ಟು ಎರಡು ಅಳತೆ ದೊಡ್ಡದು ಮಾಡಿಸಿ, ಇಲ್ಲವೇ ಬಣ್ಣ ಬದಲಿಸಿ. ಮದುವೆಗೆ ಶುಭಾಶಯ.

ಪ್ರಶ್ನೆ: ನಾನು ಡಿಸೈನ್ ಓದುತ್ತಿದ್ದೇನೆ. ಯೂನಿವರ್ಸ್ ಫಾಂಟಿಗೆ 45, 55, 67 ಅಂತ ನಂಬರ್ ಯಾಕೆ? ಬೋಲ್ಡ್ ಬಟನ್ ಇರುವಾಗ ಇಷ್ಟೊಂದು ಫೈಲ್ ಬೇಕಾ? — ವಿದ್ಯಾರ್ಥಿನಿ, ಕುಮಾರಸ್ವಾಮಿ ಲೇಔಟ್

ಉತ್ತರ: ಹೆಲ್ವೆಟಿಕಾ ಬಂದ ವರ್ಷವೇ, 1957ರಲ್ಲಿ, ಪ್ಯಾರಿಸ್ಸಿನ ಡೆಬರ್ನಿ ಎ ಪೆನ್ಯೋ ಕಂಪನಿಗೆ ಆಡ್ರಿಯನ್ ಫ್ರುಟಿಗರ್ ಯೂನಿವರ್ಸ್ ಮಾಡಿಕೊಟ್ಟರು. ಅದು ಒಂದೇ ಸಲಕ್ಕೆ 21 ಮಕ್ಕಳೊಂದಿಗೆ ಹುಟ್ಟಿದ ಸಂಸಾರ. ಲೈಟ್, ಬೋಲ್ಡ್ ಅನ್ನುವ ಮಾತು ಒಂದೊಂದು ದೇಶದಲ್ಲಿ ಒಂದೊಂದು ಥರ. ಅದಕ್ಕೆ ಫ್ರುಟಿಗರ್ ಹೆಸರು ಬಿಟ್ಟು ನಂಬರ್ ಕೊಟ್ಟರು. ಮೊದಲ ಅಂಕಿ ದಪ್ಪ ಎಷ್ಟು ಅಂತ ಹೇಳುತ್ತದೆ, ಎರಡನೆಯದು ಅಗಲ ಎಷ್ಟು, ಓರೆಯೋ ನೆಟ್ಟಗೋ ಅಂತ. 55 ಅಂದರೆ ಮಾಮೂಲಿ. 45 ಸಪೂರ, 65 ದಪ್ಪ. 56 ಓರೆ. 57 ಇಕ್ಕಟ್ಟು. ನೀವು ಕೇಳಿದ 67 ಅಂದರೆ ದಪ್ಪ ಮತ್ತು ಇಕ್ಕಟ್ಟು. ಈಗ ವೆಬ್‌ಸೈಟುಗಳಲ್ಲಿ 400, 700 ಅಂತ ತೂಕ ಹೇಳುತ್ತಾರಲ್ಲ, ಅದೂ ಇದೇ ಥರದ ಯೋಚನೆ. 2016ರಿಂದ ವೇರಿಯಬಲ್ ಫಾಂಟ್ ಬಂದಿದೆ. ಒಂದೇ ಫೈಲಿನಲ್ಲಿ ಸಪೂರದಿಂದ ದಪ್ಪಕ್ಕೆ, ಇಕ್ಕಟ್ಟಿನಿಂದ ಅಗಲಕ್ಕೆ ರೇಡಿಯೋ ಗುಂಡಿ ತಿರುಗಿಸಿದ ಹಾಗೆ ಹೋಗಬಹುದು. ಅನೇಕ್ ಕನ್ನಡ ಹಾಗೇ ಸಿಗುತ್ತದೆ, ಆಡಿ ನೋಡಿ.

ಬೋಲ್ಡ್ ಬಟನ್ ಕಥೆ ಬೇರೆ. ಬೋಲ್ಡ್ ಫೈಲ್ ನಿಮ್ಮಲ್ಲಿ ಇದ್ದರೆ ಬಟನ್ ಅದನ್ನು ಕರೆಯುತ್ತದೆ. ಇಲ್ಲದಿದ್ದರೆ ಕೆಲವು ಸಾಫ್ಟ್‌ವೇರ್‌ಗಳು ಇರುವ ಅಕ್ಷರದ ಸುತ್ತ ಶಾಯಿ ಮೆತ್ತುತ್ತವೆ. ಇಂಗ್ಲಿಷಿನಲ್ಲಿ ಅದು ಬರೀ ಅಂದಗೇಡು. ಕನ್ನಡದಲ್ಲಿ ಅರ್ಥಗೇಡು. ಮಹಾಪ್ರಾಣದ ಕೆಳಗೆ ಒಂದು ಸೀಳು ಇದೆಯಲ್ಲ, ನಮ್ಮ ಮೇಷ್ಟ್ರು ಹೊಕ್ಕಳು ಸೀಳೋದು ಅನ್ನುತ್ತಿದ್ದರು, ಆ ಸೀಳು ಮುಚ್ಚಿಹೋಗುತ್ತದೆ. ಧ ಹೋಗಿ ದ ಆಗುತ್ತದೆ, ಭ ಹೋಗಿ ಬ ಆಗುತ್ತದೆ. ಮಧ್ಯ ಅಂತ ಹಾಕಿದ್ದು ಮದ್ಯ ಅಂತ ಓದಿಸಿಕೊಳ್ಳುತ್ತದೆ. "ಬಡವರಿಗೆ ಧನಸಹಾಯ" ಅಂತ ಅಚ್ಚಾಗಬೇಕಿದ್ದ ಕರಪತ್ರ "ದನಸಹಾಯ" ಆಗಿ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಒಬ್ಬರು ಹಸು ಕೊಡ್ತೀರಾ ಅಂತ ವಿಚಾರಿಸಲೂ ಬಂದಿದ್ದರಂತೆ. ಹಾಗಾಗಿ ಕನ್ನಡ ಫ್ಯಾಮಿಲಿ ಆರಿಸುವಾಗ ಅದರ ಬೋಲ್ಡನ್ನು ಕೈಯಿಂದ ಬರೆದಿದ್ದಾರಾ ಅಂತ ನೋಡಿ. ಎಂಟು ಪಾಯಿಂಟಿನಲ್ಲಿ ದ, ಧ, ಥ ಮೂರನ್ನೂ ಪಕ್ಕಪಕ್ಕ ಇಟ್ಟು, ಕಚೇರಿಯ ಮಾಮೂಲಿ ಪ್ರಿಂಟರಿನಲ್ಲಿ ತೆಗೆದು ನೋಡಿ. ಪರದೆ ಮೇಲೆ ದೊಡ್ಡದು ಮಾಡಿ ನೋಡಿದರೆ ಎಲ್ಲವೂ ಚೆಂದವೇ.

ಪ್ರಶ್ನೆ: ಹದಿನೈದು ವರ್ಷದಿಂದ ನುಡಿ ಸಾಫ್ಟ್‌ವೇರಿನಲ್ಲಿ ಕಥೆ ಬರೆದಿಟ್ಟಿದ್ದೇನೆ. ಪುಸ್ತಕ ಮಾಡೋಣ ಅಂತ ಪ್ರೆಸ್ಸಿಗೆ ಕೊಟ್ಟರೆ ಅವರ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಕಸ ಕಾಣುತ್ತದೆಯಂತೆ. ನನ್ನ ಕಥೆಗಳು ಹೋದವಾ? — ನಿವೃತ್ತ ಉಪನ್ಯಾಸಕರು, ರಾಜಾಜಿನಗರ

ಉತ್ತರ: ಹೋಗಿಲ್ಲ ಸಾರ್, ಗಾಬರಿಯಾಗಬೇಡಿ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡವನ್ನು ಬಾಡಿಗೆಗೆ ಇಟ್ಟಿದ್ದವು. ನೀವು ಕನ್ನಡ ಅಂತ ಬರೆದರೆ ಫೈಲಿನಲ್ಲಿ ಉಳಿಯುವುದು ಒಂದು ಪಿ, ತಲೆ ಮೇಲೆ ಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಹೀಗೆ. ನುಡಿ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಇವನ್ನು ಯೂನಿಕೋಡ್‌ಗೆ, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿಗೆ, ಬದಲಿಸುವ ಪರಿವರ್ತಕಗಳು ಪುಕ್ಕಟೆಯಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒಮ್ಮೆ ಪ್ರೂಫ್ ನೋಡಲೇಬೇಕು. ಮುಖ್ಯವಾಗಿ ಅರ್ಕಾವತ್ತು ಮತ್ತು ಒತ್ತುಗಳನ್ನು. ಸೊನ್ನೆಯನ್ನೂ ನೋಡಿ. ಅನುಸ್ವಾರ ಬೇಕಾದ ಕಡೆ ಅಂಕಿಯ ಸೊನ್ನೆ ಒತ್ತಿರುವವರು ತುಂಬ ಜನ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗಲ್ಲ.

ಈ ಬಗ್ಗೆ ನನಗೆ ಒಂದು ಗಾಯ ಇದೆ. 1998ರಲ್ಲಿ ಒಂದು ಸಹಕಾರಿ ಸಂಘದ ವಾರ್ಷಿಕ ವರದಿ ಮಾಡಿದ್ದೆ. ಆಗ ಪೇಜ್‌ಮೇಕರ್ ಕಾಲ. ಪುಟ ಮಾಡಿ, ಫ್ಲಾಪಿಯಲ್ಲಿ ಹಾಕಿಕೊಂಡು, ಫಿಲಂ ತೆಗೆಯುವ ಕಡೆ ಕೊಟ್ಟು ಬಂದೆ. ಅವರಲ್ಲಿ ಅದೇ ಹೆಸರಿನ ಫಾಂಟ್ ಇತ್ತು, ಆದರೆ ಬೇರೆ ಆವೃತ್ತಿ. ಅದರಲ್ಲಿ ಯ ಒತ್ತಿನ ಮನೆ ಖಾಲಿ. ಫಿಲಂ ನೋಡದೆ ಪ್ಲೇಟ್ ಮಾಡಿಸಿದ್ದು ನನ್ನ ತಪ್ಪು. "ಅಧ್ಯಕ್ಷರ ಮಾತು" ಅನ್ನುವುದು "ಅಧಕ್ಷರ ಮಾತು" ಆಗಿ 800 ಪ್ರತಿ ಅಚ್ಚಾಯಿತು. ಮಾರನೆಯ ದಿನ ಸಭೆ. ರಾತ್ರಿಯೆಲ್ಲ ನಾನು, ನನ್ನ ತಂಗಿ, ಪಕ್ಕದ ಮನೆಯ ಇಬ್ಬರು ಹುಡುಗರು ಕೂತು ಚಿಕ್ಕ ಚೀಟಿ ಅಂಟಿಸಿದೆವು. ಅಧ್ಯಕ್ಷರು ಏನೂ ಅನ್ನಲಿಲ್ಲ. ಮುಂದಿನ ವರ್ಷ ಕೆಲಸ ಮಾತ್ರ ಬರಲಿಲ್ಲ.

ಮೊಳೆಯ ಕಾಲದಲ್ಲಿ ಒತ್ತಿಗೆ ಬೇರೆ ಮೊಳೆ ಇತ್ತು. ಹಳೆಯ ಫಾಂಟುಗಳಲ್ಲಿ ಒತ್ತಿಗೆ ಬೇರೆ ಸಂಕೇತ ಇತ್ತು. ಯೂನಿಕೋಡ್‌ನಲ್ಲಿ ಒತ್ತು ಅಂತ ಪ್ರತ್ಯೇಕವಾಗಿ ಏನೂ ಇಲ್ಲ. ಸ್ತ್ರೀ ಅಂದರೆ ಸ, ವಿರಾಮ (ಅಕ್ಷರದ ಸ್ವರ ಕಳೆಯುವ ಗುರುತು), ತ, ವಿರಾಮ, ರ, ಈ ಕಾರದ ಗುರುತು, ಆರು ಸಂಕೇತ ಸಾಲಾಗಿ ನಿಂತಿರುತ್ತವೆ. ಅದನ್ನು ನೋಡಿ ಒತ್ತು ಬರೆಯುವ ಜವಾಬ್ದಾರಿ ಫಾಂಟಿನದು ಮತ್ತು ಸಾಫ್ಟ್‌ವೇರಿನದು. ನಿಮ್ಮ ಪ್ರೆಸ್ಸಿನವರು ಪುಟ ಕಟ್ಟಲು ಇನ್‌ಡಿಸೈನ್ ಸಾಫ್ಟ್‌ವೇರ್ ಬಳಸುತ್ತಿದ್ದರೆ ವರ್ಲ್ಡ್ ರೆಡಿ ಕಂಪೋಸರ್ ಆನ್ ಮಾಡಿಕೊಳ್ಳಲು ಹೇಳಿ. ಅದು ಆಫ್ ಇದ್ದರೆ ಒತ್ತೆಲ್ಲ ಬಿಡಿಬಿಡಿಯಾಗಿ ನಿಲ್ಲುತ್ತವೆ. ಆಗ ಅವರು ಯೂನಿಕೋಡ್ ಸರಿ ಇಲ್ಲ ಅನ್ನುತ್ತಾರೆ, ನಂಬಬೇಡಿ. ಅಂದ ಹಾಗೆ, ನುಡಿಯಲ್ಲಿ ನಾವು ಒತ್ತುವ ಕೀಲಿಮಣೆಯ ಕ್ರಮಕ್ಕೆ ಬೇರು ಕೆ.ಪಿ. ರಾವ್ ಅವರ ವಿನ್ಯಾಸ. ನೀವು ಯೂನಿಕೋಡ್‌ಗೆ ಹೋದರೂ ಅದೇ ಕೀಲಿಮಣೆ ಬಳಸಬಹುದು. ಬೆರಳಿಗೆ ಹೊಸ ಪಾಠ ಬೇಕಿಲ್ಲ.

ಪ್ರಶ್ನೆ: ಚಿಕ್ಕ ಜಾಹೀರಾತು ಏಜೆನ್ಸಿ ನಡೆಸುತ್ತೇನೆ. ಗೆಳೆಯನ ಪೆನ್‌ಡ್ರೈವ್‌ನಿಂದ ಫಾಂಟ್ ಹಾಕಿಕೊಂಡರೆ ತಪ್ಪಾ? ಎಲ್ಲರೂ ಮಾಡುತ್ತಾರಲ್ಲ! — ಬಸವೇಶ್ವರನಗರ

ಉತ್ತರ: ತಪ್ಪು. ನಾವೆಲ್ಲ ಮಾಡಿದ್ದೇವೆ ಅನ್ನುವುದೂ ನಿಜ. ಆದರೆ ನಿಮ್ಮ ಗಿರಾಕಿ ದೊಡ್ಡ ಕಂಪನಿಯಾದರೆ ಸಿಕ್ಕಿಬೀಳುವವರು ಅವರು, ಬೈಸಿಕೊಳ್ಳುವವರು ನೀವು. ದುಡ್ಡು ಕೊಟ್ಟು ತರುವ ಫಾಂಟಿನಲ್ಲಿ ಸಾಮಾನ್ಯವಾಗಿ ಕಂಪ್ಯೂಟರಿಗೆ ಒಂದು ಲೈಸೆನ್ಸ್, ವೆಬ್‌ಸೈಟಿಗೆ ಒಂದು, ಮೊಬೈಲ್ ಆ್ಯಪ್‌ಗೆ ಇನ್ನೊಂದು ಇರುತ್ತದೆ. ದುಡ್ಡಿಲ್ಲದಿದ್ದರೆ ಓಪನ್ ಫಾಂಟ್ ಲೈಸೆನ್ಸ್ ಇರುವುದನ್ನು ತೆಗೆದುಕೊಳ್ಳಿ. ನಾನು ಮೇಲೆ ಹೇಳಿದ ನೋಟೊ, ಅನೇಕ್, ಬಲೂ ತಮ್ಮ, ಟಿರೊ ಎಲ್ಲವೂ ಅದರಡಿ ಇವೆ. ವ್ಯಾಪಾರಕ್ಕೂ ಬಳಸಬಹುದು. ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ, ಅಷ್ಟೇ.

ಹೆಲ್ವೆಟಿಕಾ ಬದಲು ಏರಿಯಲ್ ಹಾಕಿ ಗಿರಾಕಿಗೆ ಹೇಳದೇ ಇರಬೇಡಿ. ಏರಿಯಲ್ 1982ರಲ್ಲಿ ಮೊನೊಟೈಪ್‌ನಲ್ಲಿ ರಾಬಿನ್ ನಿಕೊಲಸ್, ಪೆಟ್ರೀಷಿಯಾ ಸಾಂಡರ್ಸ್ ಮಾಡಿದ್ದು. ಅಗಲ ಎಲ್ಲ ಹೆಲ್ವೆಟಿಕಾದಷ್ಟೇ, ಹಾಗಾಗಿ ಸಾಲು ಕದಲುವುದಿಲ್ಲ. ಆದರೆ ಇಂಗ್ಲಿಷಿನ ಸಣ್ಣ ಟಿ ಅಕ್ಷರದ ತಲೆ ನೋಡಿದರೆ ಗೊತ್ತಾಗುತ್ತದೆ. ಹೆಲ್ವೆಟಿಕಾದಲ್ಲಿ ಮಟ್ಟಸ, ಏರಿಯಲ್‌ನಲ್ಲಿ ಓರೆ.

ಪ್ರಶ್ನೆ: ಓದೋಕೆ ಬಂದರೆ ಸಾಕಲ್ವಾ? ಪೇಪರಿನಲ್ಲಿ ಫಾಂಟ್ ಯಾವುದು ಅಂತ ಯಾರು ನೋಡ್ತಾರೆ? ಒಂದು ಪುಟ ದಂಡ ಮಾಡುತ್ತಿದ್ದೀರಿ. — ನೊಂದ ಓದುಗ, ಯಶವಂತಪುರ

ಉತ್ತರ: ನೋಡುವವರು ಇದ್ದಾರೆ ಸಾರ್. 2017ರಲ್ಲಿ ಪಾಕಿಸ್ತಾನದ ಆಗಿನ ಪ್ರಧಾನಿಯ ಕುಟುಂಬದವರು ತನಿಖೆಗೆ ಕೊಟ್ಟ ಕಾಗದದಲ್ಲಿ 2006ರ ತಾರೀಕು ಇತ್ತು. ಅಕ್ಷರ ಮಾತ್ರ ಕ್ಯಾಲಿಬ್ರಿ. ಲೂಕಾಸ್ ಡಿ ಗ್ರೂಟ್ ಬರೆದ ಆ ಫಾಂಟ್ ಜನರ ಕೈಗೆ ಸಿಕ್ಕಿದ್ದು ಆಫೀಸ್ 2007ರ ಜೊತೆಗೆ. ಕಾಗದದ ಮೇಲೆ ಅನುಮಾನ ಬಂದದ್ದೇ ಅಲ್ಲಿಂದ. ಪುಟ ದಂಡ ಅನ್ನುವ ಮಾತು ಸಂಪಾದಕರಿಗೆ ತಲುಪಿಸಿದ್ದೇನೆ.

ಪ್ರಶ್ನೆ: ನಮ್ಮ ತಾತ ನಡೆಸುತ್ತಿದ್ದ ಪ್ರೆಸ್ ಮುಚ್ಚಿ ಇಪ್ಪತ್ತು ವರ್ಷವಾಯಿತು. ಅಟ್ಟದ ಮೇಲೆ ಕನ್ನಡ ಅಚ್ಚುಮೊಳೆ ತುಂಬಿದ ಮರದ ಕೇಸುಗಳಿವೆ. ಗುಜರಿಯವರು ಕೆಜಿ ಲೆಕ್ಕದಲ್ಲಿ ಕೇಳುತ್ತಿದ್ದಾರೆ. ಕೊಟ್ಟುಬಿಡಲೇ? — ಕಾಟನ್‌ಪೇಟೆ

ಉತ್ತರ: ಸ್ವಲ್ಪ ತಡೆಯಿರಿ. ಅದು ಸೀಸ, ಆಂಟಿಮನಿ, ತವರ ಬೆರೆಸಿದ ಲೋಹ, ಗುಜರಿಯವರಿಗೆ ಬೇಕಾಗಿರುವುದು ಅಷ್ಟೇ. ಕರಗಿಸಿದರೆ ಮತ್ತೆ ಆ ಅಕ್ಷರ ಸಿಗುವುದಿಲ್ಲ. ಕಿಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದದ್ದು ಹೀಗೆ ಒಂದೊಂದೇ ಮೊಳೆ ಜೋಡಿಸಿ. ನಿಮ್ಮ ತಾತನವರ ಮೊಳೆಯ ಆಕಾರ ಇವತ್ತಿನ ಯಾವ ಫಾಂಟಿನಲ್ಲೂ ಇಲ್ಲದೇ ಇರಬಹುದು. ಪ್ರತಿ ಕೇಸಿನಿಂದ ಒಂದೊಂದು ಅಕ್ಷರ ತೆಗೆದು, ಸ್ಟಾಂಪ್ ಪ್ಯಾಡಿನಲ್ಲಿ ಒತ್ತಿ, ಬಿಳಿ ಹಾಳೆಯ ಮೇಲೆ ಗುರುತು ಮಾಡಿಟ್ಟುಕೊಳ್ಳಿ. ಹಾಳೆಯ ಅಂಚಿನಲ್ಲಿ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಕೆಲಸ ಮುಗಿದ ಮೇಲೆ ಕೈ ಸೋಪಿನಲ್ಲಿ ತೊಳೆಯಿರಿ, ಅದು ಸೀಸ. ಮಕ್ಕಳ ಕೈಗೆ ಕೊಡಬೇಡಿ.

ನಮ್ಮ ಮಾವನ ಮೊಳೆಗಳು ಗುಜರಿಗೇ ಹೋದವು. ನಾನು ಆಗ ಹೊಸ ಕಂಪ್ಯೂಟರಿನ ಕಂತು ಕಟ್ಟುತ್ತಿದ್ದೆ, ಬೇಡ ಅನ್ನಲಿಲ್ಲ. ತೂಕಕ್ಕೆ ಹಾಕುವಾಗ ನೆಲಕ್ಕೆ ಬಿದ್ದ ಒಂದು ರ ಒತ್ತು ಸಿಕ್ಕಿತ್ತು. ಅದು ನನ್ನ ಮೇಜಿನ ಮೇಲೆ ಪಿನ್ ಡಬ್ಬಿಯಲ್ಲಿದೆ. ಕೊನೆಗೂ ನೀವು ಮಾರುವುದೇ ಆದರೆ, ಮೂಲಾಕ್ಷರದ ಕೇಸುಗಳನ್ನು ಯಾರಿಗಾದರೂ ಕೊಡಿ. ಒತ್ತಿನ ಕೇಸಿಗೆ ಗುಜರಿಯವರು ಎಷ್ಟು ಹೇಳಿದರು ಅಂತ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡ್ ಹಾಕಿ. ಅದರ ಮೇಲೆ ನೂರು ರೂಪಾಯಿ ನಾನು ಕೊಡುತ್ತೇನೆ.